ಆ ಕಲ್ಲುಗಳಿಗೆ ವಿಳಾಸವಿತ್ತು: ವಿಜ್ಞಾನ ಸಮಿತಿಗಳ ಮಾನ್ಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ವಿಜ್ಞಾನ ಸಂಸ್ಥೆಗಳ ಹಾಗೂ ವಿಶ್ವವಿದ್ಯಾಲಯಗಳ ಬಡ್ತಿ, ಅನುದಾನ ಮತ್ತು ಮೌಲ್ಯಮಾಪನ ಸಮಿತಿಗಳ ಸದಸ್ಯರು

ಮಾನ್ಯರೇ,

ನಾನು ವಿಜ್ಞಾನಿಯಲ್ಲ. ಒಂದು ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಬಗೆಗಳು) ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು 2022ರಲ್ಲಿ ನಿವೃತ್ತನಾದವನು. 1988ರಲ್ಲಿ ಸೇರಿದಾಗ ದಿನಗೂಲಿ, ಕೆಲಸ ಕಲ್ಲು ಒಡೆಯುವುದು. ‘ಬಿಎಸ್ಸಿ ಓದಿಸಿದ್ದು ಕಲ್ಲು ಒಡೆಯೋಕಾ’ ಎಂದು ಹೊಳೆನರಸೀಪುರದ ಹತ್ತಿರದ ನಮ್ಮೂರಲ್ಲಿ ಅವ್ವ ಎಷ್ಟೋ ದಿನ ಅತ್ತಿದ್ದಳು. ಆಮೇಲೆ ಕಾಯಂ ಆಯಿತು, ಕೊನೆಗೆ ತಾಂತ್ರಿಕ ಅಧಿಕಾರಿ ಎಂಬ ಬೋರ್ಡೂ ಬಂತು. ಈ ಪತ್ರ ನನ್ನ ಪಿಂಚಣಿಯ ಬಗ್ಗೆಯಲ್ಲ. ಅದು ಒಂದನೇ ತಾರೀಖಿಗೆ ಸರಿಯಾಗಿ ಬರುತ್ತಿದೆ.

ಇದು ಆ ಪ್ರಯೋಗಾಲಯ ನಡೆಸುತ್ತಿದ್ದ ವಿಜ್ಞಾನಿ, ನಮ್ಮ ಸರ್ ಬಗ್ಗೆ. ಅವರ ಹೆಸರು ಬರೆಯುವುದಿಲ್ಲ. ‘ನನ್ನ ಹೆಸರು ಹಾಕಬೇಡಿ’ ಎಂದು ಬದುಕಿದ್ದಾಗಲೇ ಹುಡುಗರಿಗೆ ಹೇಳುತ್ತಿದ್ದವರು, ಈಗ ನಾನು ಹಾಕಿದರೆ ಒಪ್ಪುತ್ತಿರಲಿಲ್ಲ. ಸಂಸ್ಥೆಯ ಹೆಸರನ್ನೂ ಬರೆಯುವುದಿಲ್ಲ. ನನಗೆ ಅನ್ನ ಹಾಕಿದ ಜಾಗ ಅದು. ಅಲ್ಲಿ ನಡೆದದ್ದು ಅಲ್ಲಿ ಮಾತ್ರ ನಡೆದಿದ್ದರೆ ಈ ಪತ್ರದ ಅಗತ್ಯವೂ ಇರುತ್ತಿರಲಿಲ್ಲ.

ಸರ್ ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳಿದರೆ ಕಲ್ಲಿನ ವಯಸ್ಸು ಹೇಳುವುದು. ಕಲ್ಲಿನೊಳಗಿನ ರುಬಿಡಿಯಂ ಎಂಬ ಧಾತುವಿನ ಒಂದು ಬಗೆ ಬಲು ನಿಧಾನವಾಗಿ ಸ್ಟ್ರಾನ್ಷಿಯಂ ಆಗುತ್ತಾ ಹೋಗುತ್ತದೆ. ಇದ್ದದ್ದರಲ್ಲಿ ಅರ್ಧ ಹಾಗೆ ಬದಲಾಗಲು ಸುಮಾರು 4,961 ಕೋಟಿ ವರ್ಷ ಬೇಕು. ಎಷ್ಟು ಬದಲಾಗಿದೆ ಎಂದು ಅಳೆದರೆ ಕಲ್ಲು ಹುಟ್ಟಿದ ಕಾಲ ಸಿಗುತ್ತದೆ. ಹೇಳುವುದು ಒಂದೇ ಸಾಲು, ಮಾಡುವುದು ತಿಂಗಳುಗಟ್ಟಲೆ. ಇಪ್ಪತ್ತು ಕಿಲೋ ಕಲ್ಲನ್ನು ಒಡೆದು, ಕುಟ್ಟಿ, ಕುಂಕುಮದಷ್ಟು ನಯವಾಗಿ ಅರೆದು, ಅದರಲ್ಲಿ ಒಂದು ಚಿಟಿಕೆಯನ್ನು ಟೆಫ್ಲಾನ್ ಕುಪ್ಪಿಯಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಹಾಕಿ ಕರಗಿಸಬೇಕು. ಕರಗಿದ ಕಲ್ಲಿನಿಂದ ಸ್ಟ್ರಾನ್ಷಿಯಂ ಬೇರ್ಪಡಿಸಬೇಕು. ಕೊನೆಗೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಹನಿಯನ್ನು ರೀನಿಯಂ ಲೋಹದ ಪಟ್ಟಿಯ ಮೇಲಿಟ್ಟು, ಕರೆಂಟ್ ಏರಿಸುತ್ತಾ ಒಣಗಿಸಬೇಕು. ಪಟ್ಟಿ ಒಂದು ಕ್ಷಣ ಕೆಂಡದ ಬಣ್ಣಕ್ಕೆ ತಿರುಗುತ್ತದೆ, ಆಗಲೇ ಇಳಿಸಬೇಕು. ಅರೆಗಳಿಗೆ ತಡವಾದರೆ ಎರಡು ತಿಂಗಳ ಕೆಲಸ ಹೊಗೆ. ಆ ಪಟ್ಟಿಯನ್ನು ಬೆಸೆಯುವುದು, ಆ ಹನಿ ಇಡುವುದು ನನ್ನ ಕೆಲಸವಾಗಿತ್ತು. ಸರ್ ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿಯುತ್ತಿದ್ದರು. ನಾನೂ.

ಅದಾದ ಮೇಲೆ ಯಂತ್ರ. ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಒಂದೇ ಧಾತುವಿನ ಹಗುರ, ಭಾರದ ಬಗೆಗಳನ್ನು ಬೇರೆ ಮಾಡಿ ಅಳೆಯುವ ಯಂತ್ರ. ಅದರೊಳಗೆ ಗಾಳಿ ಇರಬಾರದು, ಆದ್ದರಿಂದ ಪಂಪುಗಳು ಹಗಲೂ ರಾತ್ರಿ ಓಡುತ್ತಿರಬೇಕು. ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಗಡಿಯಾರ ನೋಡುತ್ತಾ ಕೂತ ರಾತ್ರಿಗಳನ್ನು ನಾನು ಎಣಿಸಿಲ್ಲ. ಸ್ಯಾಂಪಲ್ ಹಾಕುವ ಮುಂಚೆ ಪ್ರತಿ ಸಲವೂ ಒಂದು ಸ್ಟ್ಯಾಂಡರ್ಡ್ ಅಳೆಯಬೇಕು. ಅಮೆರಿಕದಿಂದ ಬರುವ ಬಿಳಿ ಪುಡಿ, 987 ಎಂದು ಅದರ ನಂಬರು. ಜಪಾನಿನಲ್ಲಿ, ಜರ್ಮನಿಯಲ್ಲಿ, ಹೈದರಾಬಾದಿನಲ್ಲಿ, ಎಲ್ಲೇ ಅಳೆದರೂ ಅದರೊಳಗಿನ ಎರಡು ಬಗೆ ಸ್ಟ್ರಾನ್ಷಿಯಂಗಳ ಅನುಪಾತ 0.71025ರ ಆಸುಪಾಸು ಬರಬೇಕು. ಬೆಳಿಗ್ಗೆ ಆ ಅಂಕಿ ಬಂದರೆ ನಮಗೆ ಕಾಫಿ. 0.71040 ಎಂದೇನಾದರೂ ಬಂದರೆ ಆ ದಿನ ಕಾಫಿಯೂ ಇಲ್ಲ, ಮಾತೂ ಇಲ್ಲ.

ನಾನು ಹೇಳಹೊರಟಿರುವುದಕ್ಕೆ ಈ ಪುಡಿಯೇ ಬುಡ. ಜಗತ್ತಿನ ಮೂಲೆ ಮೂಲೆಯ ಲ್ಯಾಬುಗಳು ಒಂದೇ ಪುಡಿಯನ್ನು ಅಳೆದು, ಒಂದೇ ಅಂಕಿ ಬರುವ ತನಕ ತಮ್ಮ ತಪ್ಪನ್ನು ತಾವೇ ಹುಡುಕುತ್ತವೆ. ಆ ಕೆಲಸಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ, ಅದರ ಮೇಲೆ ಪೇಪರೂ ಬರುವುದಿಲ್ಲ. ಆದರೆ ಅದೊಂದು ತಪ್ಪಿದರೆ ಉಳಿದ ಎಲ್ಲ ಪೇಪರುಗಳೂ ಬರೀ ಕಾಗದ.

ಬ್ಲಾಂಕ್ ಕೆಟ್ಟಾಗಲೆಲ್ಲ ಸರ್ ನಮಗೆ ಪ್ಯಾಟರ್ಸನ್ ಕತೆ ಹೇಳುತ್ತಿದ್ದರು. (ಬ್ಲಾಂಕ್ ಎಂದರೆ ಕಲ್ಲೇ ಹಾಕದೆ, ಖಾಲಿ ಆಮ್ಲವನ್ನಷ್ಟೇ ಅಳೆಯುವುದು. ಕಲ್ಲಿಲ್ಲದಿದ್ದರೂ ಏನಾದರೂ ಬಂತೆಂದರೆ ಅದು ನಮ್ಮ ಕೊಳೆ.) ಕ್ಲೇರ್ ಪ್ಯಾಟರ್ಸನ್ ಅಮೆರಿಕದ ಐಯೋವಾ ಸೀಮೆಯವರು. 1940ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರಿಗೆ ಒಪ್ಪಿಸಿದ್ದು ಕಲ್ಲಿನೊಳಗಿನ ಜಿರ್ಕಾನ್ ಎಂಬ ಹರಳುಗಳಲ್ಲಿನ ಸೀಸ ಅಳೆಯುವ ಕೆಲಸ. ಯುರೇನಿಯಂ ಕೂಡ ರುಬಿಡಿಯಂ ಹಾಗೆಯೇ ನಿಧಾನವಾಗಿ ಬದಲಾಗಿ ಸೀಸವಾಗುತ್ತದೆ. ಜೊತೆಗಾರ ಟಿಲ್ಟನ್ ಅವರ ಯುರೇನಿಯಂ ಲೆಕ್ಕ ಸರಿಹೋಗುತ್ತಿತ್ತು, ಪ್ಯಾಟರ್ಸನ್ ಅವರ ಸೀಸ ಮಾತ್ರ ಯಾವಾಗಲೂ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತಿತ್ತು. ಇನ್ನೊಬ್ಬರಾಗಿದ್ದರೆ ಒಂದಿಷ್ಟು ಕಳೆದು ಹಾಕಿ ಪೇಪರ್ ಬರೆಯುತ್ತಿದ್ದರು. ಇವರು ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದರು. ಗಾಳಿಯಲ್ಲಿತ್ತು, ನೀರಲ್ಲಿತ್ತು, ಗಾಜಿನಲ್ಲಿತ್ತು, ಆಮ್ಲದಲ್ಲಿತ್ತು, ತಲೆಗೂದಲಲ್ಲೂ ಇತ್ತು. ಒರೆಸಿ, ತೊಳೆದು, ಕುದಿಸಿ ವರ್ಷಗಳನ್ನೇ ಕಳೆದರು. ಕೊನೆಗೆ 1953ರಲ್ಲಿ ಆರಿಜೋನಾದ ಕ್ಯಾನ್ಯನ್ ಡಯಾಬ್ಲೋ ಉಲ್ಕೆಯ ಸೀಸವನ್ನು ಶುದ್ಧವಾಗಿ ಅಳೆಯಲು ಸಾಧ್ಯವಾಯಿತು. 1956ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಭೂಮಿಯ ವಯಸ್ಸು 455 ಕೋಟಿ ವರ್ಷ, ಏಳು ಕೋಟಿ ಆಚೀಚೆ. ಇಂದಿಗೂ ಆ ಅಂಕಿ ಹೆಚ್ಚೇನೂ ಕದಲಿಲ್ಲ.

ಅಲ್ಲಿಗೆ ನಿಂತಿದ್ದರೆ ಸುಖವಾಗಿರುತ್ತಿದ್ದರು. ಆದರೆ ತಮ್ಮನ್ನು ಅಷ್ಟು ವರ್ಷ ಕಾಡಿದ ಆ ಸೀಸ ಯಾರದ್ದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಸಮುದ್ರದ ಮೇಲಿನ ನೀರಿನಲ್ಲಿ ಆಳದ ನೀರಿಗಿಂತ ಹೆಚ್ಚು ಸೀಸ, ಗ್ರೀನ್‌ಲ್ಯಾಂಡಿನ ಹಳೆಯ ಹಿಮಕ್ಕಿಂತ ಹೊಸ ಹಿಮದಲ್ಲಿ ಹೆಚ್ಚು ಸೀಸ. ಬಂದದ್ದು ಮುಖ್ಯವಾಗಿ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದಿಂದ. 1960ರ ದಶಕದಲ್ಲಿ ಅದನ್ನು ಬರೆದೇ ಬಿಟ್ಟರು. ಪೆಟ್ರೋಲಿಯಂ ಉದ್ಯಮದಿಂದ ಬರುತ್ತಿದ್ದ ಸಂಶೋಧನಾ ಹಣ ನಿಂತಿತು. 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ವರದಿ ಮಾಡಿಸಿದಾಗ, ಆ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಈ ಮನುಷ್ಯನಿಗೆ ಸಮಿತಿಯಲ್ಲಿ ಜಾಗವಿರಲಿಲ್ಲ. ಅವರು ಬಾಗಿಲು ಮುಚ್ಚಿಕೊಂಡು ಕೂರಲಿಲ್ಲ. 1970ರ ದಶಕದಲ್ಲಿ ಒಂದೇ ಸಮುದ್ರದ ನೀರನ್ನು ಬೇರೆ ಬೇರೆ ಲ್ಯಾಬುಗಳಿಗೆ ಹಂಚಿ ಸೀಸ ಅಳೆಸಿದಾಗ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಶುದ್ಧವಾಗಿ ಅಳೆಯುವುದು ಹೇಗೆಂಬ ತಮ್ಮ ವಿದ್ಯೆಯನ್ನು ಪ್ಯಾಟರ್ಸನ್ ಬೇರೆಯವರಿಗೂ ಧಾರೆಯೆರೆದರು. ತಮ್ಮ ದೇಶದ ವಿಜ್ಞಾನ ಅಕಾಡೆಮಿಗೆ ಅವರು ಚುನಾಯಿತರಾದದ್ದು 1987ರಲ್ಲಿ. 1995ರ ಡಿಸೆಂಬರಿನಲ್ಲಿ ತೀರಿಕೊಂಡರು, ಇನ್ನೂ ಒಂದು ತಿಂಗಳಾಗಿರಲಿಲ್ಲ, 1996ರ ಜನವರಿಯಿಂದ ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ನಿಷೇಧವಾಯಿತು. ನಮ್ಮಲ್ಲಿ ಅದು ನಿಂತದ್ದು 2000ದಲ್ಲಿ. ಅಲ್ಲಿಯ ತನಕ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತ ನಾವೆಲ್ಲ ಅದನ್ನು ಉಸಿರಾಡಿದವರೇ.

ಕತೆ ಮುಗಿಸಿ ಸರ್ ಹೇಳುತ್ತಿದ್ದುದು ಒಂದೇ ಮಾತು: ‘ಮೊದಲು ಕೊಳೆ ನಮ್ಮದಾ ನೋಡಿ. ಆಮೇಲೆ ಕಲ್ಲಿನ ಮಾತು.’

ಇದನ್ನು ಅವರು ಎಲ್ಲಿಯ ತನಕ ಒಯ್ಯುತ್ತಿದ್ದರು ಎಂದರೆ, ಕ್ಲೀನ್ ಲ್ಯಾಬಿನ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಟವಲ್ ಇಡಿಸಿದ್ದರು. ಕುಂಕುಮ, ವಿಭೂತಿ, ಪೌಡರ್ ಏನಿದ್ದರೂ ತೊಳೆದುಕೊಂಡು ಒಳಗೆ ಬರಬೇಕು. ಕೆಲವು ಕುಂಕುಮ, ಸಿಂಧೂರದ ಪುಡಿಗಳಲ್ಲಿ ಸೀಸ ಇರುತ್ತದೆ. ನನ್ನ ಹೆಂಡತಿ ಒಮ್ಮೆ ಊಟದ ಡಬ್ಬಿ ಕೊಡಲು ಬಂದವಳು ಆ ಬಕೆಟ್ ನೋಡಿ, ‘ಇದ್ಯಾವ ಸೀಮೆ ದೇವಸ್ಥಾನ ರೀ, ಹಣೆ ತೊಳೆದುಕೊಂಡು ಒಳಗೆ ಹೋಗೋದು’ ಎಂದಿದ್ದಳು. ಆಯುಧಪೂಜೆಯ ದಿನ ನಮಗೂ ಸರ್‌ಗೂ ವರ್ಷವರ್ಷವೂ ಜಗಳ. ಆಫೀಸಿನವರು ಟೈಪ್‌ರೈಟರಿನಿಂದ ಹಿಡಿದು ಜೀಪಿನ ತನಕ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಹಿಡಿದು ನಮ್ಮ ಮಹಡಿಗೆ ಬರುತ್ತಿದ್ದರು. ಸರ್ ಮೆಟ್ಟಿಲ ಬಳಿಯೇ ಕೈ ಮುಗಿದು ನಿಲ್ಲಿಸಿ, ಹಿತ್ತಿಲಲ್ಲಿದ್ದ ಕಲ್ಲು ಒಡೆಯುವ ಕ್ರಷರ್ ತೋರಿಸುತ್ತಿದ್ದರು: ‘ನಮ್ಮ ಆಯುಧ ಅದು. ಅದಕ್ಕೆ ಎಷ್ಟು ಬೇಕಾದರೂ ಹಚ್ಚಿ.’ ಹಾಗಾಗಿ ಇಡೀ ಸಂಸ್ಥೆಯಲ್ಲಿ ಅತಿ ಹೆಚ್ಚು ಹೂವು ಬೀಳುತ್ತಿದ್ದುದು ಆ ಕ್ರಷರ್ ಮೇಲೆ.

ಈಗ ಬೇರೆಯವರ ಕಲ್ಲುಗಳ ವಿಷಯ. ಆ ಕಾಲದಲ್ಲಿ ಇಂಥ ಯಂತ್ರ ದೇಶದಲ್ಲಿ ಬೆರಳೆಣಿಕೆಯಷ್ಟು. ಧಾರವಾಡದಿಂದ, ಕಲಬುರಗಿಯಿಂದ, ಅನಂತಪುರದಿಂದ ಪಿಎಚ್‌ಡಿ ಹುಡುಗರು ರಾತ್ರಿ ಬಸ್ಸಿನಲ್ಲಿ ಸಿಮೆಂಟ್ ಚೀಲದಲ್ಲಿ ಕಲ್ಲು ತುಂಬಿಕೊಂಡು ಬರುತ್ತಿದ್ದರು. ಒಬ್ಬನಿಗೆ ಕಂಡಕ್ಟರು ಎರಡು ಲಗೇಜ್ ಟಿಕೆಟ್ ಹರಿದಿದ್ದ. ಸರ್ ಯಾರಿಗೂ ಇಲ್ಲ ಎಂದವರಲ್ಲ. ಆದರೆ ಅಳೆದು ಅಂಕಿ ಕೈಗಿಟ್ಟು ಕಳಿಸುತ್ತಿರಲಿಲ್ಲ, ಹುಡುಗರೇ ಕೂತು ತೊಳೆಯಬೇಕು, ಕರಗಿಸಬೇಕು, ಬ್ಲಾಂಕ್ ನೋಡಬೇಕು. ತಿಂಗಳುಗಟ್ಟಲೆ ನಮ್ಮಲ್ಲೇ ಇರುತ್ತಿದ್ದರು. ಹಾಸ್ಟೆಲ್ ಸಿಗದವರು ಸರ್ ಮನೆಯ ಹೊರಕೋಣೆಯಲ್ಲಿ ಮಲಗುತ್ತಿದ್ದರು. ಕೆಲಸ ಮುಗಿದ ಮೇಲೆ ಪೇಪರಿನಲ್ಲಿ ಸಹಲೇಖಕ ಎಂದು ಸರ್ ಹೆಸರು ಹಾಕಲು ಹೋದರೆ, ‘ಕಲ್ಲು ಹುಡುಕಿದ್ದು ನೀನು, ಯೋಚಿಸಿದ್ದು ನೀನು, ನಾನು ಯಂತ್ರ ಕೊಟ್ಟವನು’ ಎಂದು ಹೊಡೆದು ಹಾಕುತ್ತಿದ್ದರು. ಕೊನೆಯಲ್ಲಿ ‘ಕೃತಜ್ಞತೆಗಳು’ ಎಂಬ ಕಡೆ ಅರ್ಧ ಸಾಲು ಉಳಿಯುತ್ತಿತ್ತು. ಆ ಹುಡುಗರಲ್ಲಿ ಇವತ್ತು ವಿಭಾಗದ ಮುಖ್ಯಸ್ಥರಾದವರಿದ್ದಾರೆ. ನಿಮ್ಮ ಸಮಿತಿಗಳಲ್ಲೇ ಕೂರುವವರೂ ಇರಬಹುದು.

ಇನ್ನೊಂದು ಸಂಗತಿ ಹೇಳಲೇಬೇಕು. ಒಮ್ಮೆ ಸರ್ ಪ್ರಕಟಿಸಿದ ಒಂದು ವಯಸ್ಸು ತಪ್ಪಾಗಿತ್ತು. ಎರಡು ವರ್ಷದ ಮೇಲೆ ಹಳೆಯ ದಾಸ್ತಾನಿನ ಆಮ್ಲದ ಬಾಟಲಿಯೊಂದನ್ನು ಅಳೆದಾಗ ಅದರಲ್ಲಿ ಸ್ಟ್ರಾನ್ಷಿಯಂ ಇರುವುದು ಕಂಡಿತು. ಸರ್ ನೋಟ್‌ಬುಕ್ ತೆಗೆದು, ಆ ಬಾಟಲಿ ಯಾವ ಯಾವ ದಿನ ಬಳಸಿದ್ದೆವು ಎಂದು ನನ್ನಿಂದ ಪಟ್ಟಿ ಮಾಡಿಸಿದರು. ಆಮ್ಲ ಬಟ್ಟಿ ಇಳಿಸಿದ್ದು ನಾನು. ನನ್ನ ಕೈ ನಡುಗುತ್ತಿತ್ತು. ಅವರು ಒಂದು ಮಾತೂ ಅನ್ನಲಿಲ್ಲ. ಅದೇ ವಾರ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದರು. ಹಿರಿಯ ಸಹೋದ್ಯೋಗಿಯೊಬ್ಬರು, ‘ಯಾರೂ ಗಮನಿಸಿಲ್ಲವಲ್ಲ, ಸುಮ್ಮನಿರಬಾರದಾ’ ಎಂದರು. ‘ಗಮನಿಸಿಲ್ಲ ಅಂದರೆ ನಂಬಿದ್ದಾರೆ ಅಂತ’ ಎಂದರು ಸರ್.

ಆ ತಿದ್ದುಪಡಿ ಅವರ ಬಡ್ತಿಯ ಕಡತಕ್ಕೆ ಸೇರಿತು. ಗುಣ ಎಂದಲ್ಲ, ದೋಷ ಎಂದು.

ಆ ಸಂದರ್ಶನ ನಡೆದ ಸಂಜೆ ಸರ್ ಲ್ಯಾಬಿಗೆ ಬಂದು, ನಗುತ್ತಲೇ ಹೇಳಿದ್ದು ನನಗೆ ನೆನಪಿದೆ. ಫಾರಂನಲ್ಲಿ ಪ್ರಬಂಧಗಳ ಸಂಖ್ಯೆಗೆ ಕಾಲಂ ಇತ್ತು, ಪ್ರಾಜೆಕ್ಟುಗಳಿಂದ ತಂದ ಹಣಕ್ಕೆ ಇತ್ತು, ಪೇಟೆಂಟಿಗೆ ಇತ್ತು, ವಿದೇಶ ಪ್ರವಾಸಕ್ಕೂ ಇತ್ತು. ಹದಿನೈದು ವರ್ಷದಲ್ಲಿ ಹೊರಗಿನವರಿಗಾಗಿ ಅಳೆದ ಸಾವಿರಕ್ಕೂ ಮಿಕ್ಕಿದ ಸ್ಯಾಂಪಲ್‌ಗಳನ್ನು ಬರೆಯಲು ಜಾಗವಿರಲಿಲ್ಲ. ಸರ್ ಕೊನೆಯ ಪುಟದ ‘ಇತರೆ (ಇದ್ದಲ್ಲಿ)’ ಎಂಬ ಕಡೆ ಅದನ್ನು ಸಣ್ಣಕ್ಷರದಲ್ಲಿ ತುಂಬಿಸಿದ್ದರು. ಸದಸ್ಯರೊಬ್ಬರು ಓದಿ, ‘ಒಳ್ಳೆಯ ಕೆಲಸ ಡಾಕ್ಟರೇ, ಆದರೆ ಇದನ್ನು ನಾವು ಎಲ್ಲಿ ತೋರಿಸೋದು’ ಎಂದರಂತೆ. ಅವರೇನೂ ಕೆಟ್ಟವರಲ್ಲ. ನಿಜವಾಗಿಯೂ ತೋರಿಸಲು ಜಾಗವಿರಲಿಲ್ಲ. ಬಡ್ತಿ ಬಂದದ್ದು ಆರು ವರ್ಷ ತಡವಾಗಿ.

ನಮ್ಮ ಲ್ಯಾಬಿನಲ್ಲಿ ಕಾಲಂ ಎಂದರೆ ಗೇಣುದ್ದದ ಕೊಳವೆ, ಒಳಗೆ ರಾಳದ ಸಣ್ಣ ಹರಳು. ಕರಗಿಸಿದ ಕಲ್ಲನ್ನು ಮೇಲಿನಿಂದ ಬಿಟ್ಟು ಆಮ್ಲ ಹಾಕುತ್ತಾ ಬಂದರೆ ಒಂದೊಂದೇ ಧಾತು ತನ್ನ ಸರದಿ ಬಂದಾಗ ಕೆಳಗಿಳಿಯುತ್ತದೆ. ಅಲ್ಲಿ ‘ಇತರೆ’ ಎಂಬುದಿಲ್ಲ. ನಮಗೆ ಬೇಡವಾದದ್ದಕ್ಕೂ ಹೆಸರಿರುತ್ತದೆ.

ಸರ್ 2013ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಯಂತ್ರದ ವಾರ್ಷಿಕ ನಿರ್ವಹಣೆಯ ಗುತ್ತಿಗೆ ನವೀಕರಿಸಲಿಲ್ಲ. ಒಂದು ಪಂಪಿನ ಬಿಡಿಭಾಗಕ್ಕೆ ನಾನು ಬರೆದ ಟಿಪ್ಪಣಿ ಹನ್ನೊಂದು ತಿಂಗಳು ಮೇಜಿಂದ ಮೇಜಿಗೆ ಓಡಾಡಿ, ‘ಬಳಕೆದಾರರು ಯಾರು?’ ಎಂಬ ಪ್ರಶ್ನೆ ಹೊತ್ತು ವಾಪಸ್ ಬಂತು. ಕ್ಲೀನ್ ಲ್ಯಾಬಿನ ಜೊತೆಗಾರ್ತಿ ಗುತ್ತಿಗೆ ನೌಕರಳು, ಇಪ್ಪತ್ತು ವರ್ಷದ ಕೈಚಳಕ ಇದ್ದವಳು. ಗುತ್ತಿಗೆ ಮುಗಿಯಿತು ಎಂದು ಕಳಿಸಿದರು, ಈಗ ಒಂದು ಖಾಸಗಿ ನೀರಿನ ಪರೀಕ್ಷಾ ಕೇಂದ್ರದಲ್ಲಿದ್ದಾಳೆ. 2016ರ ಮಳೆಗಾಲದಲ್ಲಿ ಯಂತ್ರ ನಿಂತದ್ದು ಮತ್ತೆ ಏಳಲಿಲ್ಲ.

2019ರಲ್ಲಿ ಸಂಸ್ಥೆಗೆ ಪರಿಶೀಲನಾ ತಂಡವೊಂದು ಬರುವುದಿತ್ತು. ಸುಣ್ಣಬಣ್ಣ ನಡೆದಿತ್ತು. ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹಿಂದಿನ ಗೇಟಿನಲ್ಲಿ ಟಿಪ್ಪರ್ ನಿಂತಿತ್ತು. ಮೆಟ್ಟಿಲ ಕೆಳಗೆ, ಹಳೆಯ ದಾಸ್ತಾನು ಕೋಣೆಯಲ್ಲಿ ಜೋಡಿಸಿಟ್ಟಿದ್ದ ಕಲ್ಲುಗಳನ್ನು ಕೂಲಿಯವರು ಬಾಣಲೆಯಲ್ಲಿ ತುಂಬಿ ಸುರಿಯುತ್ತಿದ್ದರು. ಒಂದೊಂದು ಕಲ್ಲಿಗೂ ಬಿಳಿ ಪೇಂಟಿನ ಬೊಟ್ಟು, ಅದರ ಮೇಲೆ ಕಪ್ಪು ಇಂಕಿನಲ್ಲಿ ನಂಬರು. ಬಟ್ಟೆ ಚೀಲದೊಳಗೆ ಚೀಟಿ: ಯಾವ ಊರು, ಯಾವ ಹಳ್ಳದ ಪಕ್ಕ, ಯಾವ ದಿನ. ‘ಇವೆಲ್ಲ ಸ್ಯಾಂಪಲ್ ಕಣಯ್ಯಾ’ ಎಂದೆ. ‘ಕಲ್ಲು ಸ್ವಾಮಿ’ ಎಂದ ಮೇಸ್ತ್ರಿ. ಆಡಳಿತ ವಿಭಾಗಕ್ಕೆ ಓಡಿದೆ. ದಾಸ್ತಾನು ಪುಸ್ತಕದಲ್ಲಿ ಇವುಗಳ ನಮೂದು ಇಲ್ಲವಾದ್ದರಿಂದ ಇವು ಸಂಸ್ಥೆಯ ಆಸ್ತಿಯಲ್ಲ, ಹಾಗಾಗಿ ತೆಗೆಯಲು ಯಾರ ಅನುಮತಿಯೂ ಬೇಕಿಲ್ಲ ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ವಾಪಸ್ ಬರುವಾಗ ಟಿಪ್ಪರಿನ ಹಿಂಬದಿಯಲ್ಲಿ ಎಚ್‌ಎನ್-87/14 ಎಂಬ ನಂಬರು ಕಂಡಿತು. ಅದು ನಮ್ಮೂರ ಕೆರೆಕೋಡಿಯ ಪಕ್ಕದ ಬಂಡೆ. ಚಿಕ್ಕಂದಿನಲ್ಲಿ ನಾನು ದನ ಮೇಯಿಸುತ್ತಾ ಅದರ ಮೇಲೆ ಮಲಗುತ್ತಿದ್ದೆ. ಆ ಬಂಡೆ ಇವತ್ತು ಊರಲ್ಲೂ ಇಲ್ಲ, ಜಲ್ಲಿ ಕ್ವಾರಿಯವರು ಇಡೀ ಗುಡ್ಡವನ್ನೇ ತಿಂದುಹಾಕಿದ್ದಾರೆ.

ಆ ಕಲ್ಲುಗಳು ಹೋಗಿ ಬಿದ್ದದ್ದು ಹೊಸ ಪಾರ್ಕಿಂಗ್ ಜಾಗದ ಗುಂಡಿಗೆ, ಮೇಲೆ ಟೈಲ್ಸ್ ಹಾಸಿದರು. ಕಲ್ಲಿಗೆ ಇದರಿಂದ ಅವಮಾನವೇನಿಲ್ಲ, ಅದು ಎಲ್ಲಿದ್ದರೂ ಕಲ್ಲೇ. ಹೋದದ್ದು ಅದರ ವಿಳಾಸ. ಎಲ್ಲಿಂದ ಬಂತು ಎಂದು ಗೊತ್ತಿಲ್ಲದ ಕಲ್ಲಿನ ವಯಸ್ಸು ಅಳೆದು ಏನು ಮಾಡುವುದು?

ಅಳೆದಾಗಿದೆಯಲ್ಲ, ಇನ್ನೇಕೆ ಇಟ್ಟುಕೊಳ್ಳಬೇಕು ಎಂದು ನೀವು ಕೇಳಬಹುದು. ಆಡಳಿತದವರೂ ಅದನ್ನೇ ಕೇಳಿದರು. ಉತ್ತರ ಇಲ್ಲಿದೆ. ರುಬಿಡಿಯಂ ಎಷ್ಟು ವೇಗದಲ್ಲಿ ಬದಲಾಗುತ್ತದೆ ಎಂಬ ಅಂಕಿಯನ್ನು ಒಂದು ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ಬಳಸುತ್ತಿದ್ದರು. 1976ರಲ್ಲಿ ಸಿಡ್ನಿಯಲ್ಲಿ ಸೇರಿದ್ದ ಭೂವಿಜ್ಞಾನಿಗಳು, ಇನ್ನು ಮೇಲೆ ಎಲ್ಲರೂ ಒಂದೇ ಅಂಕಿ ಬಳಸೋಣ ಎಂದು ಒಪ್ಪಿಕೊಂಡರು. 1977ರಲ್ಲಿ ಅದು ಪ್ರಕಟವಾಯಿತು. 2015ರಲ್ಲಿ ಅದನ್ನು ತಿದ್ದಿದರು. ವ್ಯತ್ಯಾಸ ನೂರಕ್ಕೆ ಒಂದೂವರೆಗಿಂತ ಸ್ವಲ್ಪ ಹೆಚ್ಚು. ಸಣ್ಣದೆನಿಸುತ್ತದೆ. ಆದರೆ ಹಾಸನ-ಗೊರೂರು ಸೀಮೆಯ ನೈಸ್ ಎಂಬ ಪಟ್ಟೆ ಪಟ್ಟೆ ಶಿಲೆಗಳಿಗೆ ರುಬಿಡಿಯಂ ವಿಧಾನದಿಂದ ಸುಮಾರು 336 ಕೋಟಿ ವರ್ಷ ಎಂದು 1980ರಲ್ಲೇ ಪ್ರಕಟವಾಗಿತ್ತು. ಅಷ್ಟು ಹಳೆಯ ಕಲ್ಲಿನಲ್ಲಿ ಆ ಸಣ್ಣ ವ್ಯತ್ಯಾಸ ಎಂದರೆ ಐದು ಕೋಟಿ ವರ್ಷ. ಹಳೆಯ ವಯಸ್ಸುಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಬೇಕೆಂದರೆ ಮೂಲ ಅಂಕಿಗಳಿರುವ ನೋಟ್‌ಬುಕ್ ಬೇಕು. ಹೊಸ ವಿಧಾನದಲ್ಲಿ ಮತ್ತೆ ಅಳೆಯಬೇಕೆಂದರೆ ಅದೇ ಕಲ್ಲು ಬೇಕು. ಚಂದ್ರನಿಂದ ತಂದ 382 ಕಿಲೋ ಕಲ್ಲು ಮಣ್ಣಿನಲ್ಲಿ ಒಂದು ಕೊಳವೆಯನ್ನು, ಮುಂದೆ ಇನ್ನೂ ಒಳ್ಳೆಯ ಉಪಕರಣಗಳು ಬರುತ್ತವೆಂದು ಐವತ್ತು ವರ್ಷ ಮುಚ್ಚಿಟ್ಟು 2022ರಲ್ಲಿ ತೆರೆದರು. 1972ರಲ್ಲಿ ಅಪೋಲೋ 17ರವರು ತಂದದ್ದು ಅದು. ನಮ್ಮ ಕಲ್ಲು ಚಂದ್ರನದ್ದಲ್ಲ, ನಿಜ. ಕ್ವಾರಿ ನುಂಗಿದ ಮೇಲೆ ಅದೂ ಅಷ್ಟೇ ದೂರ.

ಆ ಸಂಜೆ ಸರ್‌ಗೆ ಫೋನ್ ಮಾಡಿದೆ. ಹೇಗೆ ಹೇಳುವುದೋ ತಿಳಿಯದೆ ಮೊದಲು ಮಳೆ ಬೆಳೆ ಮಾತಾಡಿದೆ. ಅವರಿಗೆ ಗೊತ್ತಾಯಿತು. ‘ಏನಾಯ್ತಪ್ಪಾ, ಹೇಳು’ ಎಂದರು. ಹೇಳಿದೆ. ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಕೇಳಿದ್ದು ಎರಡೇ ಶಬ್ದ: ‘ನೋಟ್‌ಬುಕ್ ಇವೆಯಾ?’

ನಲವತ್ತೊಂದು ನೋಟ್‌ಬುಕ್ಕುಗಳಿದ್ದವು. ಹಿಂದಿನ ವಾರವೇ ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹೋಗಿದ್ದವು. ಆರು ಮಾತ್ರ ನನ್ನ ಮೇಜಿನ ಡ್ರಾಯರಿನಲ್ಲಿದ್ದುದರಿಂದ ಉಳಿದಿದ್ದವು. ‘ಕೆಲವು ಇವೆ ಸರ್’ ಎಂದೆ. ಎಷ್ಟು ಎಂದು ಅವರು ಕೇಳಲಿಲ್ಲ. ಮರುವರ್ಷ ತೀರಿಕೊಂಡರು.

ಮಾನ್ಯರೇ, ನಾನು ಯಾರ ಮೇಲೂ ಕ್ರಮ ಜರುಗಿಸಿ ಎಂದು ಕೇಳುತ್ತಿಲ್ಲ. ಕೇಳುವುದು ಮೂರೇ. ಇಂದು ಪರಿಸ್ಥಿತಿ ಎಷ್ಟೋ ಸುಧಾರಿಸಿದೆ ಎಂಬುದೂ ಗೊತ್ತು. ಬೆಂಗಳೂರಿನ ಐಐಎಸ್‌ಸಿ, ಅಹಮದಾಬಾದಿನ ಪಿಆರ್‌ಎಲ್, ಹೈದರಾಬಾದಿನ ಎನ್‌ಜಿಆರ್‌ಐನಂಥ ಸಂಶೋಧನಾ ಸಂಸ್ಥೆಗಳಲ್ಲಿ ನಮ್ಮದಕ್ಕಿಂತ ಒಳ್ಳೆಯ ಯಂತ್ರಗಳಿವೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರಿನಲ್ಲಿ ಹೊರಗಿನ ಸಂಶೋಧಕರಿಗಾಗಿಯೇ ವಯಸ್ಸು ಅಳೆಯುವ ಸೌಲಭ್ಯವಿದೆ. ಸಂತೋಷ. ಆದರೆ ಯಂತ್ರ ಕೊಳ್ಳುವಾಗ ಇರುವ ಉತ್ಸಾಹ ಅದರ ಹತ್ತನೇ ವರ್ಷದ ಪಂಪಿಗೆ ಇರುವುದಿಲ್ಲ. ಮೊದಲನೆಯದಾಗಿ, ಯಂತ್ರಕ್ಕೆ ಹಣ ಮಂಜೂರು ಮಾಡುವ ಆದೇಶದಲ್ಲೇ ಹತ್ತು ವರ್ಷದ ನಿರ್ವಹಣೆ ಮತ್ತು ಅದನ್ನು ನಡೆಸುವ ಇಬ್ಬರು ಕಾಯಂ ತಾಂತ್ರಿಕರ ಹುದ್ದೆ ಸೇರಿರಲಿ. ಹನಿ ಇಡುವ ಕೈ ಪಳಗಲು ನನಗೆ ನಾಲ್ಕು ವರ್ಷ ಹಿಡಿಯಿತು, ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಅದು ಆಗುವ ಮಾತಲ್ಲ.

ಎರಡನೆಯದು ಬಡ್ತಿಯ ಫಾರಂ. ಅದನ್ನು ನೀವೇ ರೂಪಿಸುವುದು. ಬೇರೆಯವರ ಸ್ಯಾಂಪಲ್ ಅಳೆದದ್ದು, ಬೇರೆ ಸಂಸ್ಥೆಯ ವಿದ್ಯಾರ್ಥಿಗೆ ಕಲಿಸಿದ್ದು, ಬೇರೆಯವರ ಪ್ರಬಂಧ ಓದಿ ತಪ್ಪು ತೋರಿಸಿದ್ದು, ತನ್ನದೇ ತಪ್ಪು ಕಂಡು ತಿದ್ದಿದ್ದು, ಇವಕ್ಕೆ ಹೆಸರಿಟ್ಟು ಒಂದೊಂದು ಕಾಲಂ ಕೊಡಿ, ಅಂಕವನ್ನೂ ಕೊಡಿ. ಅಂಕ ಕೊಟ್ಟರೆ ಜನ ಅಂಕಕ್ಕಾಗಿ ಮಾಡುತ್ತಾರೆ ಎನ್ನುತ್ತೀರಾ? ಮಾಡಲಿ ಬಿಡಿ. ಪ್ರಬಂಧಗಳನ್ನು ಈಗ ಯಾವುದಕ್ಕಾಗಿ ಬರೆಯುತ್ತಿದ್ದಾರೆ?

ಮೂರನೆಯದು ಕಲ್ಲು. ಸಾರ್ವಜನಿಕ ಹಣದಲ್ಲಿ ಸಂಗ್ರಹಿಸಿದ ಯಾವ ಸ್ಯಾಂಪಲ್ಲೂ, ಯಾವ ಲ್ಯಾಬ್ ನೋಟ್‌ಬುಕ್ಕೂ ವಿಭಾಗದ ಲಿಖಿತ ಒಪ್ಪಿಗೆ ಇಲ್ಲದೆ ಸಂಸ್ಥೆಯ ಗೇಟ್ ದಾಟಬಾರದು. ದಾಸ್ತಾನು ಪುಸ್ತಕದಲ್ಲಿ ಕುರ್ಚಿ, ಫ್ಯಾನುಗಳಿಗೆ ನಮೂದು ಇರುವಂತೆ ಇವಕ್ಕೂ ಇರಲಿ. ವಿಜ್ಞಾನಿ ನಿವೃತ್ತರಾದ ದಿನ ಅವರಿಂದ ಲ್ಯಾಪ್‌ಟಾಪ್ ವಾಪಸ್ ಪಡೆಯುವ ಹಾಗೆ ಸ್ಯಾಂಪಲ್‌ಗಳ ಪಟ್ಟಿಯನ್ನೂ ಪಡೆಯಿರಿ. ರಾಜ್ಯಕ್ಕೊಂದು ಕಲ್ಲಿನ ಭಂಡಾರವಾದರೂ ಬೇಕು. ಪುಸ್ತಕ ಭಂಡಾರದ ಹಾಗೆ ಅಲ್ಲಿ ಯಾರು ಬೇಕಾದರೂ ಬಂದು ಕೇಳಿ, ಒಂದು ಚೂರು ಪಡೆದು, ಫಲಿತಾಂಶ ವಾಪಸ್ ಬರೆದುಕೊಟ್ಟು ಹೋಗುವಂತಿರಬೇಕು. ಮೈಸೂರು ಸಂಸ್ಥಾನ 1894ರಲ್ಲೇ ಭೂವಿಜ್ಞಾನ ಇಲಾಖೆ ಕಟ್ಟಿದ ನಾಡಿದು. ಲಾಲ್‌ಬಾಗಿನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿದವರು ನಾವು. ಭಾನುವಾರ ಜನ ಅದರ ಮೇಲೆ ಕೂತು ಚುರುಮುರಿ ತಿನ್ನುತ್ತಾರೆ, ತಿನ್ನಲಿ, ಬಂಡೆಗೆ ಅದೂ ಒಂದು ಕಾಲ. ಆದರೆ ಒಂದು ಬಂಡೆಗೆ ಫಲಕ, ಉಳಿದವಕ್ಕೆ ಟಿಪ್ಪರ್ ಎಂದರೆ ಹೇಗೆ?

ಆ ಬೆಳಿಗ್ಗೆ ಟಿಪ್ಪರ್ ಡ್ರೈವರ್ ಬೀಡಿ ಸೇದಲು ಹೋದಾಗ ನಾನು ಮೇಲೆ ಹತ್ತಿ ಕೈಗೆ ಸಿಕ್ಕಷ್ಟನ್ನು ಇಳಿಸಿಕೊಂಡೆ. ಐವತ್ತೆಂಟು ವರ್ಷಕ್ಕೆ ಆ ಸಾಹಸ. ನೂರಾ ಹನ್ನೆರಡು ಕಲ್ಲುಗಳು, ಚೀಟಿ ಸಮೇತ. ಈಗ ನಮ್ಮ ಮನೆಯ ಮಂಚದ ಕೆಳಗೆ ಎರಡು ಟ್ರಂಕಿನಲ್ಲಿವೆ, ಆರು ನೋಟ್‌ಬುಕ್ಕುಗಳು ಬೀರುವಿನಲ್ಲಿ. ಎಚ್‌ಎನ್-87/14 ಕೂಡ ಇದೆ. ಪೂರ್ತಿ ಪಟ್ಟಿಯನ್ನು ನಾನೇ ಕೂತು ಬರೆದಿದ್ದೇನೆ. ಕಸ ಗುಡಿಸುವಾಗ ಟ್ರಂಕು ಜರುಗಿಸಲಾಗುವುದಿಲ್ಲ ಎಂದು ಹೆಂಡತಿ ವಾರಕ್ಕೊಮ್ಮೆ ಬೈಯುತ್ತಾಳೆ, ಬಿಸಾಡಿ ಎಂದು ಮಾತ್ರ ಈವರೆಗೆ ಹೇಳಿಲ್ಲ.

ನಿಮ್ಮಲ್ಲಿ ಯಾವ ಸಂಸ್ಥೆಯವರಾದರೂ ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ನಂಬರು ಬರೆದು ರಸೀದಿ ಕೊಡುವುದಾದರೆ ನಾನೇ ತಂದು ಒಪ್ಪಿಸುತ್ತೇನೆ. ಗೂಡ್ಸ್ ಆಟೋ ಬಾಡಿಗೆ ನನ್ನದು. ಎರಡನೇ ಮಹಡಿಯಾದರೆ ಮಾತ್ರ ಒಬ್ಬ ಆಳು ಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಐಸೋಟೋಪ್ ಪ್ರಯೋಗಾಲಯವೊಂದರ ನಿವೃತ್ತ ತಾಂತ್ರಿಕ ಅಧಿಕಾರಿ